ಹಾಲು ಉಕ್ಕುವ ತನಕ ಹೇಳಬಾರದ ಮನೆ

ಕಳೆದ ತಿಂಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ನನಗಾಗಿ ಅಲ್ಲ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಸ್ಫೂರ್ತಿ ಎಂಬ ಬೆಂಗಳೂರಿನ ಹುಡುಗಿ, "ಆಂಟಿ, ನಿಮಗೆ ಇಲ್ಲಿ ಮನೆ ತಗೊಂಡ ಅನುಭವ ಇದೆ, ಜೊತೆಗೆ ಬನ್ನಿ" ಎಂದು ಕರೆದಿದ್ದಳು. ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಸ್ಫೂರ್ತಿ ಮತ್ತು ಅವಳ ಗಂಡ ಅಡುಗೆಮನೆ ನೋಡಲು ನೇರವಾಗಿ ಒಳಗೆ ನಡೆದರು. ನಾನು ಹಜಾರದಲ್ಲೇ ಕುಕ್ಕರುಗಾಲಲ್ಲಿ ಕೂತು ಗೋಡೆಯ ಬುಡಕ್ಕೆ ಅಂಗೈ ಒತ್ತಿದೆ.

ಮನೆ ತೋರಿಸಲು ಬಂದಿದ್ದ ಏಜೆಂಟ್ ಹೆಂಗಸು, "ಏನಾದರೂ ಬಿತ್ತೇ?" ಎಂದು ಕೇಳಿದಳು.

"ಇಲ್ಲ. ಈ ಗೋಡೆಗೆ ಈಗ ಬಣ್ಣ ಹೊಡೆಸಿದ್ದು ಯಾಕೆ?"

ಅವಳು ಬೇಸರ ಪಡಲಿಲ್ಲ. "ಬಾಡಿಗೆಯವರು ಖಾಲಿ ಮಾಡಿದ ಮೇಲೆ ಹೊಡೆಸಿದರಂತೆ. ನೀರಿನ ತೊಂದರೆ ಇತ್ತೆಂದು ನನಗೆ ಯಾರೂ ಹೇಳಿಲ್ಲ. ಆದರೆ ನಾನು ಕೇಳಿಯೂ ಇಲ್ಲ. ಈಗ ಕೇಳುತ್ತೇನೆ" ಎಂದು ನಮ್ಮೆದುರಿಗೇ ಮಾಲೀಕರಿಗೆ ಫೋನ್ ಹಚ್ಚಿದಳು. ತೊಂದರೆ ಏನೂ ಇರಲಿಲ್ಲ. ಆ ಬಣ್ಣ ಬರೀ ಬಣ್ಣವೇ ಆಗಿತ್ತು. ನನ್ನ ಅಂಗೈಯೂ ಒಣಗಿಯೇ ಇತ್ತು.

ಹೊರಗೆ ಬಂದ ಮೇಲೆ ಸ್ಫೂರ್ತಿ ನನ್ನ ತೋಳು ಹಿಡಿದುಕೊಂಡು ದನಿ ತಗ್ಗಿಸಿದಳು. "ಆಂಟಿ, ಮನೆ ವಿಷಯ ಯಾರಿಗೂ ಹೇಳ್ಬೇಡಿ ಪ್ಲೀಸ್. ಅಮ್ಮ ಸ್ಟ್ರಿಕ್ಟಾಗಿ ಹೇಳಿದಾರೆ." ಬಣ್ಣದ ವಾಸನೆಯೊಂದಿಗೆ ಅರ್ಧ ಬಂದು ನಿಂತಿದ್ದ ನಾವೇ ಮನೆ ಹುಡುಕಿದ ಆ ವರ್ಷ, ಈ ಮಾತಿನೊಂದಿಗೆ ಪೂರ್ತಿ ನೆನಪಿಗೆ ಬಂತು.

ಆಗ ನಾವು ಹತ್ತಿರದ ಊರು ಡರ್ಬಿಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಶಿವಾನಂದ ವಿಮಾನದ ಎಂಜಿನ್ ತಯಾರಿಸುವ ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರು. ನಾನು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೆ. ಇಬ್ಬರೂ ಧಾರವಾಡದ ಕಡೆಯವರು. ಮಗಳು ಅನಘಾ ಮರುವರ್ಷ ಶಾಲೆಗೆ ಸೇರಬೇಕಿತ್ತು. ಇಲ್ಲಿ ಮಗುವಿಗೆ ಯಾವ ಶಾಲೆ ಸಿಗುತ್ತದೆ ಎನ್ನುವುದನ್ನು ಬಹುಮಟ್ಟಿಗೆ ಮನೆಯ ಪೋಸ್ಟ್‌ಕೋಡ್ ನಿರ್ಧರಿಸುತ್ತದೆ. ಅರ್ಜಿ ಹಾಕಲು ಜನವರಿ ಕೊನೆಯ ಅವಕಾಶ. ಅದೇ ಹೊತ್ತಿಗೆ ನಮ್ಮ ಬಾಡಿಗೆ ಫ್ಲ್ಯಾಟಿನ ಮಾಲೀಕ, ಮಗನಿಗೆ ಮನೆ ಬೇಕಾಗಿದೆ, ಕ್ರಿಸ್‌ಮಸ್ ಮುಗಿದ ಮೇಲೆ ಬಿಟ್ಟುಕೊಡಿ ಎಂದಿದ್ದ. ಅಂದರೆ ಜನವರಿಯೊಳಗೆ ನಮಗೊಂದು ಮನೆ ಬೇಕಿತ್ತು, ಅದೂ ಒಳ್ಳೆಯ ಶಾಲೆಯ ಹತ್ತಿರ. ಆ ವರ್ಷ ನಮ್ಮ ತಲೆಯಲ್ಲಿ ಇದೊಂದು ಬಿಟ್ಟು ಬೇರೇನೂ ಇರಲಿಲ್ಲ.

ಮೋಹನ ಸಿಕ್ಕಿದ್ದು ಕನ್ನಡ ಬಳಗದ ಗಣೇಶನ ಪೂಜೆಯಲ್ಲಿ. ಹುಬ್ಬಳ್ಳಿಯ ಹುಡುಗ, ಮೂವತ್ತರ ಆಸುಪಾಸು, ಊರಿನ ಒಂದು ಎಸ್ಟೇಟ್ ಏಜೆಂಟ್ ಕಚೇರಿಯಲ್ಲಿ ಮನೆ ಮಾರಿಸುವ ಕೆಲಸ ಮಾಡುತ್ತಿದ್ದ. ಎಲೆ ಹಾಕುವುದಕ್ಕೆ, ಕುರ್ಚಿ ಜೋಡಿಸುವುದಕ್ಕೆ ಎಲ್ಲರಿಗಿಂತ ಮುಂದೆ. ನಾವು ಮನೆ ಹುಡುಕುತ್ತಿದ್ದೇವೆ ಎಂದು ಅವನಿಗೆ ಹೇಗೋ ಗೊತ್ತಾಗಿತ್ತು.

"ನಾ ಇದ್ದೀನಲ್ಲರಿ ಅಕ್ಕಾರ," ಎಂದ. "ನಿಮ್ಮ ತಮ್ಮ ಅಂತ ತಿಳ್ಕೋರಿ. ಈ ಊರಾಗ ನಮ್ಮ ಮಂದಿಗೆ ಎಂಥಾ ಮನಿ ಬೇಕು ಅಂತ ನನಗ ಗೊತ್ತೈತಿ."

ಅದು ಸುಳ್ಳಲ್ಲ. ಇಂಗ್ಲಿಷರು ಮನೆ ನೋಡುವಾಗ ಹಿತ್ತಿಲಿಗೆ ಬಿಸಿಲು ಬೀಳುತ್ತದೆಯೇ ಎಂದು ಕೇಳುತ್ತಾರೆ. ನಮ್ಮವರು ಮುಂಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಉಳಿದ ಏಜೆಂಟರು ಈ ಪ್ರಶ್ನೆ ಕೇಳಿದರೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಮೋಹನ ನಾವು ಕೇಳುವ ಮೊದಲೇ ಹೇಳುತ್ತಿದ್ದ. ದಸರೆ ಕಳೆದ ಮೇಲೆ ಒಂದು ಶನಿವಾರ ಅವನು ಡರ್ವೆಂಟ್ ನದಿಯ ಹತ್ತಿರದ ಬೀದಿಯೊಂದರಲ್ಲಿ ಕೆಂಪು ಬಾಗಿಲಿನ ಮನೆ ತೋರಿಸಿದ. "ಬಾಗಲಾ ಪೂರ್ವಕ್ಕೈತಿ, ಅಕ್ಕಾರ. ಒಳಗ ಬರ್ರಿ, ಬಲಗಾಲಿಟ್ಟು ಬರ್ರಿ."

ಕೆಂಪು ಇಟ್ಟಿಗೆಯ ಹಳೆಯ ಮನೆ. ಕೆಳಗೆ ಒಂದು ಮಲಗುವ ಕೋಣೆ, ಹಿಂದೆ ಉದ್ದನೆಯ ಅಡುಗೆಮನೆ, ಅದರಾಚೆ ಹಿತ್ತಿಲು ಇಳಿಜಾರಾಗಿ ನದಿಯ ಕಡೆಗೆ ಸಾಗುತ್ತಿತ್ತು. ಬೆಳಗಿನಿಂದ ಜಿನುಗುತ್ತಿದ್ದ ಮಳೆ ನಿಂತಿತ್ತು. ಅಡುಗೆಮನೆಯ ಕಿಟಕಿಯಿಂದ ಹಳದಿಯಾದ ವಿಲೋ ಮರ, ಅದರ ಹಿಂದೆ ಬೂದುಬಣ್ಣದ ನೀರು ಕಾಣುತ್ತಿತ್ತು. ಶಾಲೆ ನಡೆದು ಹೋಗುವಷ್ಟು ಹತ್ತಿರ. ಅನಘಾ ಕೋಣೆಯಿಂದ ಕೋಣೆಗೆ ಓಡಿ, "ದಿಸ್ ಈಸ್ ಮೈನ್!" ಎಂದು ಕೂಗಿದಳು. ಅಡುಗೆಮನೆಗೆ ಹೊಸ ಬಣ್ಣ ಹೊಡೆದಿದ್ದರು. ಅದರ ವಾಸನೆ ಗಾಢವಾಗಿತ್ತು. ನನಗದು ಶುಭದ ವಾಸನೆಯಂತೆ ಕಂಡಿತು. ನಮ್ಮ ಕಡೆ ಮದುವೆಗೆ, ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸಿದ ಮನೆಗೂ ಹೀಗೇ ವಾಸನೆ ಇರುತ್ತದೆ.

"ಮಾಲಕ ಭಾಳ ಸ್ವಚ್ಛದ ಮನಷ್ಯಾ ರಿ," ಎಂದ ಮೋಹನ. "ಮಾರೂ ಮುಂದ ಎಲ್ಲಾ ಬಣ್ಣಾ ಹೊಡಸ್ಯಾನ."

ಅಂದು ಸಂಜೆ ಧಾರವಾಡಕ್ಕೆ ಫೋನ್ ಮಾಡಿದಾಗ ಅತ್ತೆಯವರು ಸಂತೋಷಪಟ್ಟರು. ಜೊತೆಗೇ ಎಚ್ಚರಿಸಿದರು. "ಹಾಲು ಉಕ್ಕೂ ತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ ಗಿರಿಜಾ. ಮನಿ ಅನ್ನೂದು ಕಣ್ಣು ಬೀಳೂ ವಸ್ತು." ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲು ಉಕ್ಕುವವರೆಗೆ ಮನೆಯ ಮಾತು ಮನೆಯವರಲ್ಲೇ ಇರಬೇಕು. ಈ ಪದ್ಧತಿಯನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಬಳಗದ ವೈದ್ಯರು, ಎಂಜಿನಿಯರುಗಳು, ಎಲ್ಲರೂ ಹೀಗೆಯೇ. ಒಂದು ದಿನ ಇದ್ದಕ್ಕಿದ್ದಂತೆ ಆಮಂತ್ರಣ ಬರುತ್ತದೆ. ಆಗಲೇ ನಮಗೆ ಅವರು ಮನೆ ಕೊಂಡದ್ದು ಗೊತ್ತಾಗುವುದು. ಮೋಹನನೂ ಅದನ್ನೇ ಹೇಳಿದ. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ನಮ್ಮ ಮಂದೀದು ನಿಮಗ ಗೊತ್ತಲ್ಲ." ನನ್ನ ಮನೆಯ ಹಿರಿಯರ ಮಾತನ್ನೇ ಆಡುತ್ತಾನಲ್ಲ ಎಂದು ಅವನ ಮೇಲೆ ಇನ್ನಷ್ಟು ವಿಶ್ವಾಸ ಬಂತು.

ಮರುವಾರ ಅವನನ್ನು ಊಟಕ್ಕೆ ಕರೆದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಮ್ಮೂರಲ್ಲಿ ಮನೆಯ ವ್ಯವಹಾರ ಮಾಡಿಸುವ ದಲ್ಲಾಳಿ ಎರಡೂ ಮನೆಯಲ್ಲಿ ಊಟ ಮಾಡುತ್ತಾನೆ, ಎರಡೂ ಕಡೆಯವರ ಮನಸ್ಸು ಅರಿತು ನಡುವೆ ಒಂದು ಮಾತು ತರುತ್ತಾನೆ. ಇಲ್ಲಿನ ಏಜೆಂಟ್ ಹಾಗಲ್ಲ. ಅವನನ್ನು ನೇಮಿಸುವವರು ಮಾರುವವರು; ಅವನಿಗೆ ಕೂಲಿ ಕೊಡುವವರೂ ಅವರೇ. ಇದು ನಮಗೆ ಓದಿ ಗೊತ್ತಿತ್ತು. ಆದರೆ ರೊಟ್ಟಿ ಬಡಿಸುವಾಗ ನೆನಪಾಗಲಿಲ್ಲ. ಶಿವಾನಂದ, ನಮ್ಮಿಂದ ಎಷ್ಟರವರೆಗೆ ಏರಲು ಸಾಧ್ಯ ಎನ್ನುವುದನ್ನು ತಮ್ಮನಿಗೆ ಹೇಳಿದಂತೆ ಹೇಳಿಬಿಟ್ಟರು. ಅವನು ತಲೆಯಾಡಿಸುತ್ತಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. "ಮಾರ್ಟ್‌ಗೇಜ್ ಸಾಲಾ ನಮ್ಮ ಆಫೀಸಿನ ಮನಷ್ಯಾನ ಕಡೆನ ಮಾಡಸ್ರಿ, ಅಣ್ಣಾರ. ಅಂದ್ರ ನಿಮ್ಮ ಆಫರಿಗೆ ತೂಕ ಬರ್ತೈತಿ. ಮನಿ ತಪಾಸ ಮಾಡೂ ಬ್ಯಾರೆ ಸರ್ವೆ ಗಿರ್ವೆ ಯಾಕ್ರಿ? ಬ್ಯಾಂಕಿನವ ಬಂದು ನೋಡೇ ನೋಡ್ತಾನ."

ಇಷ್ಟು ಬೆಲೆ ಕೊಡುತ್ತೇವೆಂದು ಆಫರ್ ಕೊಟ್ಟೆವು. ಎರಡು ದಿನ ಬಿಟ್ಟು ಅವನ ಫೋನ್ ಬಂತು.

"ಅಕ್ಕಾರ, ಸಣ್ಣ ತೊಂದ್ರಿ ಆಗೈತಿ. ಇನ್ನೊಬ್ಬರು ನಿಮಕಿಂತ ಮ್ಯಾಲೆ ಹೋಗ್ಯಾರ."

"ಯಾರು?"

"ಹೆಸರು ಹೇಳಬಾರದ್ರಿ. ಆದ್ರ ನಿಮಗ ಗೊತ್ತಿರೋರ. ಮೈಸೂರ ಕಡಿ ಡಾಕ್ಟರ್ ಮೇಡಮ್."

ನಮ್ಮ ಬಳಗದಲ್ಲಿ ಹಾಗೆ ಹೇಳಿದರೆ ಒಬ್ಬರೇ: ವೀಣಾ. ನಾಟಿಂಗ್‌ಹ್ಯಾಮ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ, ಒಬ್ಬಳೇ ಇದ್ದಳು, ಮೈಸೂರಿನಿಂದ ತಂದೆಯನ್ನು ಕರೆಸಿಕೊಳ್ಳುವ ತಯಾರಿಯಲ್ಲಿದ್ದಳು. ಅನಘಾಗೆ ಜ್ವರ ಬಂದಾಗ ನಾನು ಹೊತ್ತು ನೋಡದೆ ಫೋನ್ ಮಾಡುತ್ತಿದ್ದದ್ದು ಅವಳಿಗೇ. ನಾವು ಆಫರ್ ಏರಿಸಿದೆವು. ಒಂದು ವಾರದಲ್ಲಿ ಮೇಡಮ್ಮೂ ಏರಿಸಿದರಂತೆ. ಮತ್ತೆ ಏರಿಸಿದೆವು. ಊಟದ ದಿನ ಶಿವಾನಂದ ಹೇಳಿದ್ದ ಮಿತಿಯ ಹತ್ತಿರ ಹತ್ತಿರ ಬಂದು ನಿಂತಿದ್ದೆವು.

ಆ ದಿನಗಳಲ್ಲಿ ಹಗಲೆಂಬುದು ಇರಲಿಲ್ಲ. ಲ್ಯಾಬಿಗೆ ಹೋಗುವಾಗ ಕತ್ತಲೆ, ಮರಳಿ ಬರುವಾಗ ಕತ್ತಲೆ, ನಡುವೆ ಇಡೀ ದಿನ ಸಣ್ಣ ಮಳೆ. ಕಾಲುದಾರಿಯ ತುಂಬ ಎಲೆಗಳು ಕೊಳೆತು ಅಂಟಿಕೊಂಡಿದ್ದವು. ನಾನು ವೀಣಾಳ ಮೆಸೇಜುಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದೆ. ಒಂಟಿ ಹೆಂಗಸಿಗೆ ಅಷ್ಟು ದೊಡ್ಡ ಮನೆ ಯಾಕೆ ಎಂದು ಪಾತ್ರೆ ತೊಳೆಯುತ್ತಾ ಗೊಣಗುತ್ತಿದ್ದೆ. "ಆಕಿಗೂ ಮನಿ ಬೇಕಾಗಿರಬಹುದಲ್ಲ," ಎಂದು ಶಿವಾನಂದ ಅಂದರೆ, "ನೀವು ಆಕಿ ಕಡೆಯವರೇನು?" ಎಂದು ತಿರುಗಿ ಬೀಳುತ್ತಿದ್ದೆ.

ದೀಪಾವಳಿಯ ಊಟ ನವೆಂಬರಿನಲ್ಲಿ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ. ಪ್ರತಿ ಮನೆಯಿಂದಲೂ ಒಂದೊಂದು ಅಡುಗೆ. ನಾನು ಶೇಂಗಾ ಹೋಳಿಗೆ ಒಯ್ದಿದ್ದೆ. ವೀಣಾ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ತಂದಿದ್ದಳು. ಬೇಕೆಂದೇ ನಾನು ಆ ಮೇಜಿನ ಹತ್ತಿರ ಹೋಗಲಿಲ್ಲ. ಅವಳೇ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ಏನ್ರೀ ಗಿರಿಜಾ, ಮರೆತೇಬಿಟ್ರಾ? ಬಾತ್ ಮುಟ್ಟೇ ಇಲ್ಲ ನೀವು. ಡಯಟ್ಟಾ?"

ಅವಳೊಂದಿಗೆ ಮಾತಾಡುವಾಗ ನನ್ನ ಧಾರವಾಡ ಭಾಷೆ ತಾನಾಗಿಯೇ ಒಂದಿಷ್ಟು ದಕ್ಷಿಣಕ್ಕೆ ಸರಿಯುತ್ತದೆ. ಅಂದು ಸರಿಯಲಿಲ್ಲ.

"ನೀವು ಊಟಾ ಹಾಕೂ ದಿನಾ ಇನ್ನ ಮುಂದ ಐತಲ್ಲರಿ ಡಾಕ್ಟ್ರ. ಹಾಲು ಯಾವಾಗ ಉಕ್ಕಸ್ತೀರಿ?"

"ಯಾವ ಹಾಲು?"

"ಹೊಳಿ ದಂಡಿ ಮನೀದು. ಕೆಂಪು ಬಾಗಲಾ. ನಮ್ಮನ್ನೂ ಕರೀರಿ ಮತ್ತ. ಹೊಟ್ಟಿಕಿಚ್ಚು ಪಡೂದಿಲ್ಲ, ಊಟಾ ಮಾಡಿ ಬರ್ತೀವಿ."

ಅವಳು ಚಮಚ ಕೆಳಗಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

"ಆ ಮನೆನಾ? ಅದನ್ನ ದಸರೆಗೆ ಮುಂಚೇನೇ ಬಿಟ್ಟೆ ಕಣ್ರೀ. ನಿಮಗ್ಯಾರು ಹೇಳಿದ್ದು? ಇರಿ ಇರಿ. ನೀವೇನಾದ್ರೂ ಅದನ್ನ ನೋಡ್ತಾ ಇದೀರಾ?"

ನಾನು ತಟ್ಟೆಯ ಹೋಳಿಗೆ ಮುರಿಯತೊಡಗಿದೆ. ಹಾಲು ಉಕ್ಕುವ ತನಕ ಎಂಬ ಅತ್ತೆಯವರ ಮಾತು ಅಡ್ಡ ಬಂತು. ಸಭಾಂಗಣದ ಕಿಟಕಿಯ ಗಾಜಿನ ಮೇಲೆ ಮಳೆ ಬಡಿಯುತ್ತಿತ್ತು. ವೀಣಾ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಗಿರಿಜಾ, ಹೇಳಿ. ಆ ಹಿಂದಿನ ಅಡುಗೆಮನೆಗೆ ನದಿ ನೀರು ಬರುತ್ತೆ. ನಾನೇ ಒಬ್ಬ ಸರ್ವೇಯರ್‌ನ ಕಳಿಸಿದ್ದೆ. ಬಣ್ಣದ ಹಿಂದೆ ಗೋಡೆ ಇನ್ನೂ ಒದ್ದೆ ಇದೆ ಅಂದ. ಮೋಹನನ್ನ ಕೇಳಿದ್ರೆ, 'ಎರಡು ಚಳಿಗಾಲದ ಹಿಂದೆ ಒಂಚೂರು ಬಂದಿತ್ತಂತೆ ಮೇಡಂ, ಈಗ ಎಲ್ಲಾ ಸರಿ ಮಾಡಿಸಿದಾರೆ' ಅಂದ. ಅಪ್ಪ ಕೆಳಗಡೆ ರೂಮಲ್ಲಿ ಮಲಗ್ಬೇಕಾದೋರು. ನಾನು ಬೇಡ ಅಂದ್ಬಿಟ್ಟೆ."

"ಮತ್ತ ನೀವು ಆಫರ್ ಏರಿಸಿದ್ದು?"

"ನಾನಾ? ಬಿಟ್ಟ ಮೇಲೆ ಅವನ ಹತ್ರ ಮಾತೇ ಆಡಿಲ್ಲ. ಅದಕ್ಕೆ ಮುಂಚೆ ಅವನೇ ನನ್ನ ಅವಸರ ಪಡಿಸ್ತಿದ್ದ. ಯಾರೋ ಧಾರವಾಡದ ಎಂಜಿನಿಯರ್ ಫ್ಯಾಮಿಲಿ ಆಫರ್ ಕೊಟ್ಟಿದಾರೆ, ಬೇಗ ಹೇಳಿ, ಕೈತಪ್ಪತ್ತೆ ಅಂತ." ಅಷ್ಟು ಹೇಳಿದವಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಯ್ಯೋ. ಅದು ನೀವು."

ಅದು ನಾವೇ. ಆದರೆ ಅವಳು ಆ ಮನೆ ಬಿಟ್ಟದ್ದು ದಸರೆಗೆ ಮುಂಚೆ. ನಾವು ಅದನ್ನು ಮೊದಲ ಸಲ ನೋಡಿದ್ದು ದಸರೆ ಕಳೆದ ಮೇಲೆ. ಅವಳಿಗೆ ಅವನು ನಮ್ಮ ಗುರುತು ಹೇಳಿ ಹೆದರಿಸುತ್ತಿದ್ದಾಗ ಕೆಂಪು ಬಾಗಿಲು ಯಾವ ಬೀದಿಯಲ್ಲಿದೆ ಎಂದೇ ನಮಗೆ ಗೊತ್ತಿರಲಿಲ್ಲ. ನಮಗೆ ಅವಳ ಗುರುತು ಹೇಳಿ ಬೆಲೆ ಏರಿಸುತ್ತಿದ್ದಾಗ ಅವಳು ಆ ಮನೆಯನ್ನು ಮರೆತಾಗಿತ್ತು.

ನನಗೆ ಸಿಟ್ಟು ಬಂದದ್ದು ಆಗ. ಮನೆ ಹೋಯಿತೆಂದಲ್ಲ. ನನ್ನನ್ನು ಕೇಳದೆ, ನನಗೆ ತಿಳಿಯದೆ, ನನ್ನನ್ನು ಗಾಳಕ್ಕೆ ಸಿಕ್ಕಿಸಿ ಇನ್ನೊಬ್ಬರ ಮುಂದೆ ಇಳಿಬಿಟ್ಟಿದ್ದರು. ಮೋಹನನ ಲೆಕ್ಕಾಚಾರ ನಿಖರವಾಗಿತ್ತು. ಇಂಗ್ಲಿಷ್ ಗಿರಾಕಿಗಳಾದರೆ ಪಬ್ಬಿನಲ್ಲಿ ಕೂತು ತಾವು ನೋಡಿದ ಮನೆಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಅಲ್ಲಿ ಇಂಥ ಆಟ ಒಂದು ವಾರ ನಡೆಯುವುದಿಲ್ಲ. ನಮ್ಮವರು ಒಬ್ಬರಿಗೊಬ್ಬರು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬಾಯಿ ಬಿಡಬೇಡಿ ಎಂದು ಮತ್ತೆ ಮತ್ತೆ ನೆನಪಿಸುತ್ತಲೂ ಇದ್ದ. ಹೆಸರು ಹೇಳಬಾರದು ಎನ್ನುತ್ತಲೇ ಗುರುತು ಹೇಳಿದ್ದೂ ಅದಕ್ಕೇ. ಪರಕೀಯರು ಪೈಪೋಟಿಗೆ ಬಂದರೆ ನಾವು ಬಿಟ್ಟೇವು. ಪರಿಚಯದವರು ಬಂದರೆ ಬಿಡುವುದಿಲ್ಲ.

"ನೀವು ಬಿಟ್ಟದ್ದನ್ನ ಯಾಕ ಯಾರಿಗೂ ಹೇಳಲಿಲ್ಲರಿ?" ಎಂದು ಕೇಳಿದೆ.

"ತಗೊಳ್ದೇ ಇರೋ ಮನೆ ಬಗ್ಗೆ ಏನು ಹೇಳೋದು? ಅಪ್ಪನೂ ಬೇಡ ಅಂದ್ರು. ಅಪಶಕುನ ಅಂತೆ." ಅವಳು ನಗಲು ನೋಡಿದಳು. "ನೀವು ಬೈತಾ ಇದ್ರಾ ನನ್ನ?"

"ದಿನಾ."

"ಅದಕ್ಕೇ ಬಿಕ್ಕಳಿಕೆ ನಿಲ್ತಾನೇ ಇರ್ಲಿಲ್ಲ," ಎಂದು ಎದ್ದು ಹೋಗಿ ನನಗೊಂದು ತಟ್ಟೆ ಬಿಸಿಬೇಳೆಬಾತ್ ತಂದಿಟ್ಟಳು. ತಿಂದೆ. ಒಂದಿಷ್ಟು ಖಾರವಾಗಿತ್ತು.

ಆ ಶನಿವಾರ ಶಿವಾನಂದ, ವೀಣಾ, ನಾನು ಮೂವರೂ ಮೋಹನನ ಕಚೇರಿಗೆ ಹೋದೆವು. ಮೋಹನ ಮೊದಲು ನನ್ನನ್ನು ನೋಡಿ ನಕ್ಕ; ಹಿಂದೆ ವೀಣಾಳನ್ನು ಕಂಡು ನಗು ನಿಂತಿತು. ಶಾಖೆಯ ಮ್ಯಾನೇಜರ್ ಲಿಂಡಾ ಎಂಬ ಐವತ್ತು ದಾಟಿದ ಹೆಂಗಸು ಎದ್ದು ಬಂದಳು. ಡರ್ಬಿಯ ಜನ ಬಸ್ಸಿನಲ್ಲಿ, ಅಂಗಡಿಯಲ್ಲಿ, ಗುರುತಿದ್ದವರನ್ನೂ ಇಲ್ಲದವರನ್ನೂ ಸಲಿಗೆಯಿಂದ "ಡಕ್" ಎಂದು ಕರೆಯುತ್ತಾರೆ. ಅವಳೂ ಹಾಗೇ ಕರೆದಳು. "ಏನಾಯಿತು ಡಕ್?"

ನಾನು ಹೇಳಿದೆ. ಯಾವಾಗ ಮನೆ ನೋಡಿದೆವು, ಯಾವಾಗ ಯಾವ ಮಾತು ಹೇಳಲಾಯಿತು, ಯಾವುದು ನಾನೇ ಕೇಳಿದ್ದು, ಯಾವುದು ವೀಣಾ ಕೇಳಿದ್ದು. ಲ್ಯಾಬಿನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಒಬ್ಬರ ರಕ್ತಕ್ಕೆ ಇನ್ನೊಬ್ಬರ ಚೀಟಿ ಅಂಟಿಸಬಾರದು. ನಡುವೆ ಮೋಹನ ಕನ್ನಡಕ್ಕೆ ತಿರುಗಿದ.

"ಅಕ್ಕಾರ, ಇದನ್ನ ನಮ್ಮ ನಮ್ಮೊಳಗ ಮುಗಸೋಣ್ರಿ. ಇವರ ಮುಂದ ಯಾಕ? ನಿಮಗೊಂದು ಮನಿ ಆಗಲಿ ಅಂತನ ನಾ ಇಷ್ಟು ಓಡ್ಯಾಡೀನಿ. ನಿಮ್ಮ ಮನ್ಯಾಗ ಉಂಡಾಂವ ಅದೀನಿ ನಾ."

ಅವನ ದನಿ ನಿಜವಾಗಿಯೂ ಒಡೆದಿತ್ತು. ನಾಲಿಗೆಯ ತುದಿಗೆ ಬಂದ ಕನ್ನಡವನ್ನು ನಾನು ನುಂಗಿಕೊಂಡೆ. "ಇಲ್ಲಿರುವ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಮಾತಾಡೋಣ," ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಆ ದಿನ ನಾನು ಮಾಡಿದ ಕಷ್ಟದ ಕೆಲಸ ಅದೊಂದೇ.

ಲಿಂಡಾ ಅವನತ್ತ ತಿರುಗಿದಳು. "ಡಾಕ್ಟರ್ ಬೇಡವೆಂದ ಮೇಲೆ ಈ ಮನೆಗೆ ಬೇರೆ ಯಾರಾದರೂ ಆಫರ್ ಕೊಟ್ಟಿದ್ದಾರಾ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ಇವರ ಜೊತೆ ಪೈಪೋಟಿಗೆ ನಿಂತಿದ್ದವಳು ನಾನಂತೆ," ಎಂದಳು ವೀಣಾ. "ನನಗೂ ಈ ವಾರವೇ ಗೊತ್ತಾಗಿದ್ದು."

ಲಿಂಡಾ ಗಾಜಿನ ಕೋಣೆಯೊಳಗೆ ಹೋಗಿ ಫೋನ್ ಮಾಡಿದಳು. ಮನೆಯ ಮಾಲೀಕ ಆಲನ್ ಎಂಬ ನಿವೃತ್ತ ಮುದುಕ ಆಗಲೇ ಸಮುದ್ರತೀರದ ಊರಿನಲ್ಲಿ ಮಗಳ ಮನೆ ಸೇರಿದ್ದ. ಗಾಜಿನಾಚೆ ಅವಳು ಒಂದು ಕೈಯಲ್ಲಿ ಹಣೆ ಒತ್ತಿಕೊಂಡು ಕೇಳುತ್ತಿದ್ದುದು ಕಾಣುತ್ತಿತ್ತು. ಹೊರಗೆ ಬಂದು ನಮ್ಮೆದುರು ಕೂತಳು.

"ನೀರು ಬಂದದ್ದನ್ನು ಮೊದಲ ದಿನವೇ ನಮ್ಮ ಹುಡುಗನಿಗೆ ಹೇಳಿದ್ದೆ ಅನ್ನುತ್ತಾರೆ. ಕೊಳ್ಳುವವರಿಗೆ ಹೇಳಿಯಾಗಿದೆ ಎಂದೇ ಅವರು ತಿಳಿದಿದ್ದರು. ಇಷ್ಟೊಂದು ಆಫರ್ ಏರುತ್ತಿರುವುದು ಯಾಕೆಂದು ಅವರಿಗೂ ಆಶ್ಚರ್ಯವಾಗಿತ್ತಂತೆ." ಆಮೇಲೆ ಅವಳು ಹೇಳಿದ ಮಾತನ್ನು ನಾನು ಈಗಲೂ ಮನೆ ಹುಡುಕುವ ಎಲ್ಲರಿಗೂ ಹೇಳುತ್ತೇನೆ. "ನಾವು ಮಾರುವವರ ಕೆಲಸದವರು, ನಿಮ್ಮ ಕೆಲಸದವರಲ್ಲ. ಒಳ್ಳೆಯ ಬೆಲೆ ತರಿಸುವುದು ನಮ್ಮ ಕೆಲಸ. ಆದರೆ ನಿಮಗೆ ಸುಳ್ಳು ಹೇಳುವ ಹಕ್ಕು ಅದರಿಂದ ನಮಗೆ ಬರುವುದಿಲ್ಲ."

ಮೋಹನ ಮೇಜಿನ ಮೇಲಿನ ತನ್ನ ಕಾಫಿ ಕಪ್ಪನ್ನೇ ನೋಡುತ್ತಿದ್ದ. ನಾವು ಹೊರಡುವಾಗ ಎದ್ದು ಬಾಗಿಲು ತೆರೆದು ಹಿಡಿದ. ಅಭ್ಯಾಸಬಲ ಇರಬೇಕು. ತಿಂಗಳೊಳಗೆ ಅವನು ಆ ಕಚೇರಿಯಲ್ಲಿರಲಿಲ್ಲ. ಊರೂ ಬಿಟ್ಟನೆಂದು ಕೇಳಿದೆ. ಮುಂದಿನದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಬಳಗದಲ್ಲಿ ಮಾತಾಯಿತು. ಹಿರಿಯರೊಬ್ಬರು ಫೋನ್ ಮಾಡಿ, "ನಮ್ಮ ಹುಡುಗನ ಅನ್ನ ಹೋಯ್ತಲ್ಲಮ್ಮ. ನಮ್ಮಲ್ಲೇ ಕರೆಸಿ ಬುದ್ಧಿ ಹೇಳಬಹುದಾಗಿತ್ತು" ಎಂದರು. "ಸರ್, ಕಳೆದ ವರ್ಷ ಅವನ ಕೈಯಲ್ಲೇ ನೀವು ಮನೆ ತಗೊಂಡ್ರಿ. ಆಗ ನಿಮಗೆ ಪೈಪೋಟಿ ಕೊಟ್ಟೋರು ಯಾರಂತ ಹೇಳಿದ್ದ?" ಎಂದು ಕೇಳಿದೆ. ಅವರು ತಮ್ಮ ಆಪ್ತ ಗೆಳೆಯನ ಹೆಸರು ಹೇಳಿದರು. ಆ ಗೆಳೆಯ ಆ ವರ್ಷ ಮನೆ ಹುಡುಕುತ್ತಲೇ ಇರಲಿಲ್ಲ. ಅಲ್ಲಿಂದ ಮುಂದೆ ಅವರು ನನಗೆ ಬುದ್ಧಿ ಹೇಳಲಿಲ್ಲ.

ಕೆಂಪು ಬಾಗಿಲಿನ ಮನೆ ನಾವು ಬಿಟ್ಟೆವು. ಬೆಲೆ ಇಳಿಸಿ ಕೊಡುತ್ತೇನೆಂದು ಆಲನ್ ಹೇಳಿ ಕಳುಹಿಸಿದ್ದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಆ ಅಡುಗೆಮನೆಯಲ್ಲಿ ನಿಲ್ಲಲು ಮನಸ್ಸೂ ಇರಲಿಲ್ಲ. ಬಿಡುವ ಮುಂಚೆ ಲಿಂಡಾಳಿಗೆ ಒಂದು ಮಾತು ಹೇಳಿದೆ: ಮುಂದೆ ಬರುವವರಿಗೆ ಮೊದಲೇ ತಿಳಿಸಬೇಕು, ಅವರು ಕೇಳುವ ತನಕ ಕಾಯಬಾರದು. "ತಿಳಿಸುತ್ತೇನೆ," ಎಂದಳು. ನಂಬಿದೆನೆಂದು ಹೇಳಲಾರೆ. ಜನವರಿಯೊಳಗೆ ಬೇರೆ ಮನೆ ಸಿಗಲಿಲ್ಲ. ಊರಿನ ಇನ್ನೊಂದು ತುದಿಯ ಚಿಕ್ಕ ಬಾಡಿಗೆ ಫ್ಲ್ಯಾಟಿಗೆ ಸಾಮಾನು ಸಾಗಿಸಿದೆವು. ಅನಘಾಗೆ ಬಯಸಿದ ಶಾಲೆ ತಪ್ಪಿತು; ಅವಳು ಬಸ್ಸಿನಲ್ಲಿ ಹೋಗಬೇಕಾದ ಶಾಲೆಗೆ ಸೇರಿದಳು. ಆ ನಷ್ಟ ನಿಜವಾದದ್ದು. ಅದನ್ನು ಒಳ್ಳೆಯದೇ ಆಯಿತು ಎಂದು ಬಣ್ಣ ಹೊಡೆದು ತೋರಿಸುವುದಿಲ್ಲ.

ಬೇಸಿಗೆಯಲ್ಲಿ ಗುಡ್ಡದ ಮೇಲೊಂದು ಮನೆ ಸಿಕ್ಕಿತು. ಬಾಗಿಲು ಉತ್ತರಕ್ಕೆ. ನೋಡಲು ಹೋಗುವ ಮೊದಲು ಬಳಗದ ಊಟದಲ್ಲಿ ಎಲ್ಲರೆದುರು ಬೀದಿಯ ಹೆಸರು ಸಮೇತ ಹೇಳಿದೆ. ಕೆಲವರು ಮುಖ ಮುಖ ನೋಡಿಕೊಂಡರು. ವೀಣಾ ಮಾತ್ರ, "ಆ ಬೀದೀಲಿ ಪಾರ್ಕಿಂಗ್ ಸಿಗಲ್ಲ ಕಣ್ರೀ, ನಾನು ನೋಡಿದೀನಿ" ಎಂದಳು. ಅವಳು ಹೇಳಿದ್ದು ಸರಿ, ಇಂದಿಗೂ ಸಿಗುವುದಿಲ್ಲ. ಅಲ್ಲಿನ ಏಜೆಂಟ್ ಒಬ್ಬ ಮಾತು ಕಡಿಮೆಯ ಗಂಡಸು. ಊಟಕ್ಕೆ ಕರೆಯಲಿಲ್ಲ, ಕರೆದಿದ್ದರೂ ಅವನು ಬರುತ್ತಿರಲಿಲ್ಲ. ಇನ್ನೊಂದು ಆಫರ್ ಬಂದಾಗ ಬಂತೆಂದ. ಬೇರೆಯವರು ಹಿಂದೆ ಸರಿದಾಗ ಸರಿದರೆಂದ. ಛಾವಣಿಯ ಒಂದು ಮೂಲೆ ಹಳತಾಗಿದೆ ಎಂದು ತಾನಾಗಿಯೇ ತೋರಿಸಿದ. ಏಜೆಂಟ್ ನನಗೆ ತಮ್ಮನಾಗುವುದು ಬೇಕಿಲ್ಲ. ತಾನು ಯಾರ ಕಡೆಯವನೆಂದು ಮೊದಲು ಹೇಳಲಿ, ತನಗೆ ಗೊತ್ತಿದ್ದದ್ದನ್ನು ಮುಚ್ಚದಿರಲಿ, ಇಲ್ಲದ ಗಿರಾಕಿಯನ್ನು ಹುಟ್ಟಿಸದಿರಲಿ. ಇಷ್ಟನ್ನು ಕೇಳಲು ನನಗೆ ಈಗ ಯಾವ ಸಂಕೋಚವೂ ಇಲ್ಲ.

ಹಾಲು ಉಕ್ಕಿದ ದಿನ ಅತ್ತೆಯವರು ವಿಡಿಯೋದಲ್ಲಿ ನೋಡುತ್ತಿದ್ದರು. "ಎಲ್ಲಾರಿಗೂ ಮೊದಲ ಹೇಳಿದ್ದಿಯಂತ," ಎಂದರು. "ಹೌದ್ರಿ," ಎಂದೆ. "ಉಕ್ಕಿತಲ್ಲ, ಇರಲಿ ಬಿಡು," ಎಂದರು.

ಆ ವರ್ಷದ ಶರತ್ಕಾಲದಲ್ಲಿ ಮಳೆ ಬಿಡಲೇ ಇಲ್ಲ. ವಾರಗಟ್ಟಲೆ ಸುರಿದು ಡರ್ವೆಂಟ್ ಏರತೊಡಗಿತು. ಒಂದು ಮಧ್ಯಾಹ್ನ ಲ್ಯಾಬಿನಿಂದ ಬೇಗ ಹೊರಟವಳು ಬಸ್ಸಿಳಿದು ಆ ಬೀದಿಗೆ ನಡೆದೆ. ಯಾಕೆ ಹೋದೆನೆಂದು ಸರಿಯಾಗಿ ಹೇಳಲಾರೆ. ಲಿಂಡಾ ಹೇಳಿದಂತೆ ನಡೆದುಕೊಂಡಳೇ ಎಂಬ ಅನುಮಾನ ಒಂದು ವರ್ಷದಿಂದ ಒಳಗೇ ಇತ್ತು. ಬೀದಿಯುದ್ದಕ್ಕೂ ಬಾಗಿಲುಗಳ ಮುಂದೆ ಮರಳುಚೀಲಗಳನ್ನು ಒಟ್ಟಿದ್ದರು. ಕೆಂಪು ಬಾಗಿಲು ತೆರೆದಿತ್ತು. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ್ದ ಒಬ್ಬ ಯುವಕ ಉದ್ದನೆಯ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ.

"ಒಳಗೆ ಬಂತೇ?" ಎಂದು ಕೇಳಿದೆ.

"ಹಿಂದಿನ ಅಡುಗೆಮನೆಗೆ ಬಂದಿದೆ. ಅಲ್ಲಿ ನೆಲಕ್ಕೆ ಟೈಲ್ ಹಾಕಿಸಿದ್ದೇವೆ, ಪ್ಲಗ್ಗುಗಳನ್ನೆಲ್ಲ ಎದೆಯೆತ್ತರಕ್ಕೆ ಏರಿಸಿದ್ದೇವೆ. ನೀರು ಇಳಿದ ಮೇಲೆ ತೊಳೆದರಾಯಿತು." ನನ್ನ ಮುಖದಲ್ಲಿ ಏನು ಕಂಡನೋ, "ನೀವು ಈ ಬೀದಿಯವರಾ?" ಎಂದ.

"ಅಲ್ಲ. ಆಗಬೇಕಾಗಿತ್ತು." ತುಸು ತಡೆದು ಕೇಳಿದೆ. "ಹೀಗಾಗುತ್ತದೆಂದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಡಕ್. ಮನೆ ತೋರಿಸುವ ಮೊದಲೇ ಏಜೆಂಟ್ ಹೇಳಿದ್ದರು. ಅದಕ್ಕೇ ಬೆಲೆ ಇಳಿದು ನಮ್ಮ ಕೈಗೆ ಎಟುಕಿತು."

ಅವನು ಪೊರಕೆ ಎತ್ತಿಕೊಂಡು ಒಳಗೆ ಹೋದ. ನಾನು ಕೊಡೆ ಬಿಚ್ಚಿ ರಸ್ತೆಯಾಚೆಗೆ ಸರಿದು ತಲೆಯೆತ್ತಿ ನೋಡಿದೆ. ಮೇಲಿನ ಕೋಣೆಯಲ್ಲಿ ದೀಪ ಹತ್ತಿತ್ತು. ನೀರು ಬರುವ ಮುಂಚೆಯೇ ಸೋಫಾವನ್ನು ಅಲ್ಲಿಗೆ ಸಾಗಿಸಿದ್ದರು. ಅದರ ಬೆನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡಿತ್ತು, ಒಣಗಿಯೇ ಇತ್ತು.